ನಾವೇ ಮಾಡಿದ ಡೆಬಿಯನ್ ಇನ್‌ಸ್ಟಾಲ್ ಡಿವಿಡಿ: ಮೆನು ಬರುತ್ತದೆ, ಆಮೇಲೆ ನಿಂತುಬಿಡುತ್ತದೆ

ಬೆಳ್ಳಿಚಕ್ರ

ಎಲ್ಲರಿಗೂ ನಮಸ್ಕಾರ. ಇಂಟರ್‌ನೆಟ್ ಇಲ್ಲದ ಕಂಪ್ಯೂಟರ್‌ಗಳಿಗೆ ಹಾಕಲು ಒಂದು ಡೆಬಿಯನ್ (ಲಿನಕ್ಸ್) ಡಿಸ್ಕ್ ಸಿದ್ಧ ಮಾಡುತ್ತಿದ್ದೇನೆ. ಆಫೀಸ್ ತಂತ್ರಾಂಶ, ಫಾಂಟ್, ಪ್ರಿಂಟರ್ ಡ್ರೈವರ್ ಎಲ್ಲ ಮೊದಲೇ ಒಳಗೆ ಇರಬೇಕು. ಡಿಸ್ಕ್ ಹಾಕಿ ಇನ್‌ಸ್ಟಾಲ್ ಮಾಡಿದರೆ ಕೆಲಸ ಮುಗಿಯಬೇಕು. ಪೆನ್‌ಡ್ರೈವ್ ಕೊಟ್ಟರೆ ಯಾರಾದರೂ ಅಳಿಸಿ ಬೇರೆ ಏನೋ ತುಂಬಿಕೊಳ್ಳುತ್ತಾರೆ. ಕೆಲವು ಹಳೆಯ ಯಂತ್ರಗಳು ಯುಎಸ್‌ಬಿಯಿಂದ ಬೂಟ್ ಆಗುವುದೂ ಇಲ್ಲ. ಅದಕ್ಕೇ ಡಿವಿಡಿ ಬೇಕು.

ಮಾಡಿದ್ದು ಹೀಗೆ. ಕ್ಯುಎಮುವಿನಲ್ಲಿ ಒಂದು ವರ್ಚುಯಲ್ ಯಂತ್ರ ತೆರೆದು ಡೆಬಿಯನ್ ಹಾಕಿದೆ. ಬೇಕಾದ್ದೆಲ್ಲ ಸೇರಿಸಿದೆ, ಇನ್‌ಸ್ಟಾಲ್ ಮಾಡದೆ ಡಿಸ್ಕ್‌ನಿಂದಲೇ ಓಡಿಸುವ ಲೈವ್‌ಬೂಟ್ ಪ್ಯಾಕೇಜ್ ಕೂಡ. ಆ ಇಡೀ ವ್ಯವಸ್ಥೆಯನ್ನು ಕುಗ್ಗಿಸಿ ಒಂದೇ ಸ್ಕ್ವಾಷ್‌ಎಫ್‌ಎಸ್ ಫೈಲ್ ಮಾಡಿ, ಬೂಟ್ ಮೆನು ತೋರಿಸುವ ಐಸೊಲಿನಕ್ಸ್ ಜೊತೆಗಿಟ್ಟು, ಎಕ್ಸೊರಿಸೊ ಬಳಸಿ ಐಎಸ್‌ಒ (ಡಿಸ್ಕ್‌ಗೆ ಬರೆಯುವ ಇಮೇಜ್ ಫೈಲ್) ಕಟ್ಟಿದೆ.

ವರ್ಚುಯಲ್ ಯಂತ್ರದಲ್ಲಿ ಐಎಸ್‌ಒ ಚೆನ್ನಾಗಿ ಓಡುತ್ತದೆ. ಅದನ್ನೇ ಪೆನ್‌ಡ್ರೈವ್‌ಗೆ ಬರೆದರೆ ನಿಜವಾದ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಅದೇ ಕಂಪ್ಯೂಟರ್‌ಗೆ ಡಿವಿಡಿ ಹಾಕಿದರೆ ಮಾತ್ರ ಮೆನು ಬರುತ್ತದೆ, ಕರ್ನಲ್ ಲೋಡ್ ಆಗುತ್ತದೆ, ಅಕ್ಷರಗಳು ಸರಸರ ಓಡುತ್ತವೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಮೇಲೆ "ಅನೇಬಲ್ ಟು ಫೈಂಡ್ ಎ ಮೀಡಿಯಂ ಕಂಟೈನಿಂಗ್ ಎ ಲೈವ್ ಫೈಲ್ ಸಿಸ್ಟಂ" ಅಂದರೆ ಲೈವ್ ವ್ಯವಸ್ಥೆ ಇರುವ ಡಿಸ್ಕ್ ಸಿಗಲಿಲ್ಲ ಎಂದು ಹೇಳಿ, ಆಜ್ಞೆ ಬರೆಯುವ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. ಬೇರೆ ಕಂಪನಿಯ ಡಿಸ್ಕ್ ಹಾಕಿದೆ, ನಿಧಾನವಾಗಿ ಬರ್ನ್ ಮಾಡಿದೆ. ಎಲ್ಲದರಲ್ಲೂ ಇದೇ ಕಥೆ. ಎಲ್ಲಿಂದ ಹುಡುಕಲಿ?

ಹಿತ್ತಲಬೇಲಿ

ಪೆನ್‌ಡ್ರೈವ್‌ನಲ್ಲಿ ಓಡಿ ಡಿವಿಡಿಯಲ್ಲಿ ಓಡದಿದ್ದರೆ ಅನುಮಾನ ಡಿವಿಡಿ ಮೇಲೇ ಬರಬೇಕು ಅಲ್ವಾ? ಬರೆದ ಡಿಸ್ಕ್ ಅನ್ನು ಪೂರ್ತಿ ಓದಿಸಿ ಅದರ ಶಾ256 ಮೊತ್ತ (ಮಾಹಿತಿಯ ಬೆರಳಚ್ಚಿನಂಥ ಸಂಖ್ಯೆ) ತೆಗೆಯಿರಿ. ಐಎಸ್‌ಒ ಫೈಲಿನ ಮೊತ್ತದ ಜೊತೆ ಹೋಲಿಸಿ. ಒಂದು ಅಕ್ಷರ ಬೇರೆ ಬಂದರೂ ಡಿಸ್ಕ್ ಕೆಟ್ಟಿದೆ ಎಂದೇ ಅರ್ಥ.

ಬೆಳ್ಳಿಚಕ್ರ

ನೋಡಿದೆ. ಮೊತ್ತ ಹೊಂದುತ್ತಿಲ್ಲ! ಇನ್ನೊಂದು ಹೊಸ ಡಿಸ್ಕ್ ಬರೆದು ನೋಡಿದೆ, ಅದೂ ಹೊಂದುವುದಿಲ್ಲ. ಒಂದು ವಿಚಿತ್ರ ಇದೆ. ಎರಡು ಡಿಸ್ಕ್‌ಗಳ ಮೊತ್ತ ಒಂದೇ ಇದೆ. ಐಎಸ್‌ಒ ಫೈಲಿನದು ಮಾತ್ರ ಬೇರೆ. ಬರೆಯುವ ಡ್ರೈವೇ ಕೆಟ್ಟಿರಬಹುದಾ?

ಕಪ್ಪುತೆರೆ

ಹೊಸ ಡಿಸ್ಕ್ ತರಬೇಡಿ, ಡ್ರೈವನ್ನೂ ಬದಲಿಸಬೇಡಿ. ನೀವು ಹೇಳಿದ ಆ ವಿಚಿತ್ರದಲ್ಲೇ ಉತ್ತರ ಇದೆ. ಎರಡು ಡಿಸ್ಕ್ ಕೆಟ್ಟರೆ ಬೇರೆ ಬೇರೆ ಜಾಗದಲ್ಲಿ ಕೆಡುತ್ತವೆ. ಎರಡೂ ಒಂದೇ ರೀತಿ ಕೆಟ್ಟು ಒಂದೇ ಮೊತ್ತ ಕೊಡುವುದು ಸಾಧ್ಯವಿಲ್ಲ. ಹಾಗಾಗಿ ಎರಡರಲ್ಲೂ ಇರುವುದು ಒಂದೇ ಮಾಹಿತಿ, ಅದಕ್ಕೆ ಬಾಲದಲ್ಲಿ ಏನೋ ಅಂಟಿಕೊಂಡಿದೆ.

ಡಿವಿಡಿಯಲ್ಲಿ ಒಂದು ಸೆಕ್ಟರ್ ಎಂದರೆ 2048 ಬೈಟ್. ತಪ್ಪು ತಿದ್ದುವ ವ್ಯವಸ್ಥೆ 16 ಸೆಕ್ಟರ್‌ಗಳನ್ನು ಒಂದು ಕಂತೆಯಾಗಿ ನೋಡುತ್ತದೆ, ಅಂದರೆ 32 ಕೆಬಿ. ಐಎಸ್‌ಒ ಗಾತ್ರ ಆ ಕಂತೆಗೆ ಸರಿಯಾಗಿ ಕೂರದಿದ್ದರೆ ಬರೆಯುವ ತಂತ್ರಾಂಶ ಕೊನೆಗೆ ಸೊನ್ನೆಗಳನ್ನು ತುಂಬುತ್ತದೆ. ನೀವು ಡಿಸ್ಕ್ ಪೂರ್ತಿ ಓದಿಸಿದಾಗ ಆ ಸೊನ್ನೆಗಳೂ ಲೆಕ್ಕಕ್ಕೆ ಸೇರುತ್ತವೆ, ಮೊತ್ತ ಬದಲಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಐಎಸ್‌ಒ ಗಾತ್ರ 1,700,014,080 ಬೈಟ್ ಇದೆ ಎಂದುಕೊಳ್ಳಿ. 2048ರಿಂದ ಭಾಗಿಸಿದರೆ 830,085 ಸೆಕ್ಟರ್. ಅದು 16ರ ಕಂತೆಯಲ್ಲಿ ಕೂರಲು 830,096 ಆಗಬೇಕು. 11 ಸೆಕ್ಟರ್ ಜಾಸ್ತಿ. ಹಾಗಾಗಿ ಡಿಡಿ ಆಜ್ಞೆಯಲ್ಲಿ ಬ್ಲಾಕ್ ಗಾತ್ರ 2048 ಎಂದು ಕೊಡಿ, ಕೌಂಟ್ ಜಾಗದಲ್ಲಿ ನಿಮ್ಮ ಐಎಸ್‌ಒದ ಸೆಕ್ಟರ್ ಸಂಖ್ಯೆ ಕೊಡಿ. ಅಷ್ಟನ್ನೇ ಓದಿಸಿ ಮೊತ್ತ ತೆಗೆಯಿರಿ.

ಬೆಳ್ಳಿಚಕ್ರ

ಸರಿಯಾಗಿ ಹೊಂದಿತು! ಎರಡೂ ಡಿಸ್ಕ್‌ಗಳು ಐಎಸ್‌ಒ ಜೊತೆ ಅಕ್ಷರಕ್ಕೆ ಅಕ್ಷರ ಒಂದೇ. ಸಮಾಧಾನ ಆಯಿತು. ಆದರೆ ಸಮಸ್ಯೆ ಇನ್ನೂ ಅಲ್ಲೇ ಇದೆ.

ಹಿತ್ತಲಬೇಲಿ

ಕೊನೆಯ ಕಂತೆಯ ವಿಷಯ ನನಗೆ ಹೊಸದು, ಕಪ್ಪುತೆರೆ ಅವರಿಗೆ ಧನ್ಯವಾದ. ಹಾಗಾದರೆ ಈಗ ಆ ಕಂಪ್ಯೂಟರಿನ ಡಿವಿಡಿ ಡ್ರೈವ್ ಮೇಲೆ ಅನುಮಾನ ಪಡಬೇಕಾ? ಲೆನ್ಸ್ ಮಂಕಾಗಿದ್ದರೆ ಮೊದಲು ಸ್ವಲ್ಪ ಓದಿ ಆಮೇಲೆ ಕೈಕೊಡುವುದುಂಟು.

ಬೆಳ್ಳಿಚಕ್ರ

ಡೆಬಿಯನ್‌ನವರೇ ಕೊಡುವ ಡಿಸ್ಕ್ ಆ ಡ್ರೈವ್‌ನಲ್ಲಿ ಒಳ್ಳೆಯ ರೀತಿ ಓಡುತ್ತದೆ. ಇನ್‌ಸ್ಟಾಲ್ ಕೂಡ ಪೂರ್ತಿ ಆಗುತ್ತದೆ.

ಕಪ್ಪುತೆರೆ

ಹಾಗಿದ್ದರೆ ಡ್ರೈವನ್ನೂ ಬಿಡಿ. ಡಿಸ್ಕ್ ಸರಿ, ಡ್ರೈವ್ ಸರಿ. ಉಳಿದದ್ದು ಡಿಸ್ಕ್ ಒಳಗೆ ನೀವು ಇಟ್ಟದ್ದು.

ಇಲ್ಲಿ ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಬೂಟ್ ಆಗುವಾಗ ಆ ಡಿವಿಡಿಯನ್ನು ಒಬ್ಬರೇ ಓದುವುದಿಲ್ಲ. ಮೊದಲು ಓದುವುದು ಬಯಾಸ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ. ಎಲ್ ಟೊರಿಟೊ ಎಂಬ ನಿಯಮ 1995ರಲ್ಲಿ ಬಂತು, ಫೀನಿಕ್ಸ್ ಮತ್ತು ಐಬಿಎಂ ಸೇರಿ ಮಾಡಿದ್ದು. ಸಿಡಿಯಿಂದ ಬೂಟ್ ಮಾಡುವುದು ಹೇಗೆ ಎಂದು ಅದು ಹೇಳುತ್ತದೆ. ಅದರ ಪ್ರಕಾರ ಬಯಾಸ್ ಡಿಸ್ಕ್‌ನಲ್ಲಿ ಐಸೊಲಿನಕ್ಸ್ ಹುಡುಕಿ ಎಬ್ಬಿಸುತ್ತದೆ. ಐಸೊಲಿನಕ್ಸ್‌ಗೆ ಸ್ವಂತ ಡ್ರೈವರ್ ಇಲ್ಲ. ಮೆನು ತೋರಿಸುವಾಗಲೂ, ಕರ್ನಲ್ ಮತ್ತು ಇನಿಟ್‌ಆರ್‌ಡಿ (ಕರ್ನಲ್‌ಗೆ ಮೊದಲಿಗೇ ಬೇಕಾಗುವ ಡ್ರೈವರ್‌ಗಳ ಗಂಟು, ಇನಿಟ್‌ರಾಮ್‌ಎಫ್‌ಎಸ್ ಎಂದರೂ ಅದೇ) ಎರಡನ್ನೂ ಮೆಮೊರಿಗೆ ತರುವಾಗಲೂ ಅದು ಬಯಾಸನ್ನೇ ಕೇಳುತ್ತದೆ.

ಕರ್ನಲ್ ಎದ್ದ ಮೇಲೆ ಬಯಾಸ್ ಸಹಾಯ ಅಲ್ಲಿಗೆ ನಿಂತಿತು. ಹೊಳೆ ದಾಟಿಸಿದ ಅಂಬಿಗ ನಮ್ಮ ಜೊತೆ ಊರೊಳಗೆ ಬರುವುದಿಲ್ಲ. ಮುಂದೆ ಅದೇ ಡಿವಿಡಿಯಲ್ಲಿರುವ ಸ್ಕ್ವಾಷ್‌ಎಫ್‌ಎಸ್ ಫೈಲ್ ತೆರೆಯಬೇಕಾದರೆ ಕರ್ನಲ್ ತನ್ನ ಸ್ವಂತ ಡ್ರೈವರ್ ಬಳಸಬೇಕು. ಆ ಡ್ರೈವರ್ ಇನಿಟ್‌ಆರ್‌ಡಿ ಒಳಗೇ ಇರಬೇಕು. ಡಿಸ್ಕ್‌ನಲ್ಲಿದ್ದರೆ ಪ್ರಯೋಜನ ಇಲ್ಲ, ಯಾಕೆಂದರೆ ಡಿಸ್ಕ್ ಓದಲೇ ಅದು ಬೇಕು.

ಅದಕ್ಕೇ "ಮೆನು ಬಂತು" ಎನ್ನುವುದರಿಂದ ಬಯಾಸ್ ಡಿಸ್ಕ್ ಓದಿತು ಎಂದಷ್ಟೇ ಗೊತ್ತಾಗುತ್ತದೆ. ಈಗ ಆ ಪ್ರಾಂಪ್ಟ್‌ನಲ್ಲೇ ಎರಡು ಕೆಲಸ ಮಾಡಿ. /ಡೆವ್ ಒಳಗೆ ಎಸ್‌ಆರ್0 ಎಂಬ ಹೆಸರು ಇದೆಯಾ ನೋಡಿ, ಡಿವಿಡಿ ಡ್ರೈವ್‌ಗೆ ಕರ್ನಲ್ ಕೊಡುವ ಹೆಸರು ಅದು. ಆಮೇಲೆ ಡಿಮೆಸೇಜ್ ಆಜ್ಞೆ ಹೊರಗೆ ಹಾಕಿದ ಕರ್ನಲ್ ಸಂದೇಶಗಳಲ್ಲಿ ಎಟಿಎ (ಡಿಸ್ಕ್ ಜೋಡಣೆಯ ಹೆಸರು) ಎಂದು ಹುಡುಕಿ. ಎಸ್‌ಆರ್0 ಇದ್ದೂ ಮೌಂಟ್ ಆಗದಿದ್ದರೆ ಐಎಸ್‌ಒ ಜೋಡಣೆಯಲ್ಲಿ ತೊಂದರೆ. ಎಸ್‌ಆರ್0 ಇಲ್ಲವೇ ಇಲ್ಲ ಎಂದರೆ ಡ್ರೈವರ್ ಇಲ್ಲ.

ಬೆಳ್ಳಿಚಕ್ರ

ಎಸ್‌ಆರ್0 ಇಲ್ಲ. ಪಾರ್ಟಿಷನ್ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್ ಕೂಡ ಕಾಣುತ್ತಿಲ್ಲ! ಎಟಿಎ ಲಿಂಕ್ ಬಗ್ಗೆ ಒಂದು ಸಾಲೂ ಇಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಅದು ತಕ್ಷಣ ಕಾಣುತ್ತದೆ.

ಕಪ್ಪುತೆರೆ

ಹಾರ್ಡ್‌ಡಿಸ್ಕ್ ಕೂಡ ಕಾಣುತ್ತಿಲ್ಲ ಎಂದಿರಿ ನೋಡಿ, ಅದು ತುಂಬಾ ಮುಖ್ಯ. ಡಿವಿಡಿ ಡ್ರೈವ್ ಮತ್ತು ಹಾರ್ಡ್‌ಡಿಸ್ಕ್ ಎರಡೂ ನೇತಾಡುತ್ತಿರುವುದು ಒಂದೇ ಸಾಟಾ ಕಂಟ್ರೋಲರ್‌ಗೆ. ಆ ಕಂಟ್ರೋಲರ್‌ನ ಡ್ರೈವರೇ ಲೋಡ್ ಆಗಿಲ್ಲ. ಮಾಡ್‌ಪ್ರೋಬ್ ಆಜ್ಞೆ ಬಳಸಿ ಎಎಚ್‌ಸಿಐ ಮಾಡ್ಯೂಲ್, ಅಂದರೆ ಸಾಟಾ ಕಂಟ್ರೋಲರ್‌ನ ಡ್ರೈವರ್, ಹಾಕಲು ನೋಡಿ. ಏನು ಹೇಳುತ್ತದೆ ತಿಳಿಸಿ.

ಮೂರನೇ ಸಾಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇನ್ನೂ ಬೇಗ ಖಚಿತ ಮಾಡಿಕೊಳ್ಳಬಹುದು. ಬಯಾಸ್ ಸೆಟ್ಟಿಂಗ್‌ನಲ್ಲಿ ಸಾಟಾ ಮೋಡ್ ಎಂದು ಇರುತ್ತದೆ. ಎಎಚ್‌ಸಿಐ ಇದ್ದರೆ ಹಳೆಯ ಪದ್ಧತಿಯಾದ ಐಡಿಇ ಮಾಡಿ ನೋಡಿ. ಇಂಟೆಲ್ ಚಿಪ್‌ಸೆಟ್ ಆದರೆ ಆಗ ಎಟಿಎ ಪಿಕ್ಸ್ ಎಂಬ ಹಳೆಯ ಡ್ರೈವರ್ ಸಾಕಾಗುತ್ತದೆ. ಡಿವಿಡಿ ಓಡಿದರೆ ಕಳ್ಳ ಸಿಕ್ಕಿದ ಹಾಗೆ.

ಒಂದು ಎಚ್ಚರಿಕೆ. ಆ ಯಂತ್ರದಲ್ಲಿ ವಿಂಡೋಸ್ ಇದ್ದರೆ ಪರೀಕ್ಷೆ ಮುಗಿದ ಕೂಡಲೇ ಮೊದಲಿನ ಮೋಡ್‌ಗೆ ವಾಪಸ್ ಹಾಕಿ. ಮೋಡ್ ಬದಲಾಗಿದ್ದಾಗ ವಿಂಡೋಸ್ ಎಬ್ಬಿಸಿದರೆ ನೀಲಿ ಪರದೆ ಬರುವ ಸಂಭವ ಇದೆ.

ಬೆಳ್ಳಿಚಕ್ರ

ಎರಡೂ ಮಾಡಿದೆ. ಮಾಡ್‌ಪ್ರೋಬ್ ಅಂಥ ಮಾಡ್ಯೂಲ್ ಇಲ್ಲ ಎಂದಿತು. ಐಡಿಇ ಮೋಡ್‌ನಲ್ಲಿ ಡಿವಿಡಿ ಡೆಸ್ಕ್‌ಟಾಪ್‌ವರೆಗೂ ಬಂತು! ಅದೇ ಡಿಸ್ಕ್, ಅದೇ ಡ್ರೈವ್. ತುಂಬಾ ಖುಷಿ ಆಯಿತು. ಆದರೆ ಡಿಸ್ಕ್ ಪಡೆದವರಿಗೆಲ್ಲ ಬಯಾಸ್ ಸೆಟ್ಟಿಂಗ್ ಬದಲಿಸಿ ಎಂದು ಹೇಳುವುದು ಆಗದ ಮಾತು. ಎಎಚ್‌ಸಿಐ ಯಾಕೆ ಇಲ್ಲ? ಡೆಬಿಯನ್‌ನ ಕರ್ನಲ್ ಪ್ಯಾಕೇಜ್‌ನಲ್ಲಿ ಅದು ಇದ್ದೇ ಇದೆಯಲ್ಲ.

ಕಪ್ಪುತೆರೆ

ಪ್ಯಾಕೇಜ್‌ನಲ್ಲಿದೆ, ಇನಿಟ್‌ಆರ್‌ಡಿಗೆ ಬಂದಿಲ್ಲ. ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಎಂಬ ಆಜ್ಞೆ ಇನಿಟ್‌ಆರ್‌ಡಿ ಒಳಗಿನ ಫೈಲ್‌ಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಎಎಚ್‌ಸಿಐ ಹುಡುಕಿ, ಎಟಿಎ ಪಿಕ್ಸ್ ಕೂಡ ಹುಡುಕಿ.

ಇನಿಟ್‌ಆರ್‌ಡಿ ಕಟ್ಟುವಾಗ ಯಾವ ಡ್ರೈವರ್ ತುಂಬಬೇಕು ಎನ್ನುವುದನ್ನು ಮಾಡ್ಯೂಲ್ಸ್ ಎಂಬ ಸೆಟ್ಟಿಂಗ್ ತೀರ್ಮಾನಿಸುತ್ತದೆ. "ಮೋಸ್ಟ್" ಎಂದಿದ್ದರೆ ಸಾಮಾನ್ಯವಾಗಿ ಬೇಕಾಗುವ ಎಲ್ಲ ಡಿಸ್ಕ್ ಡ್ರೈವರ್‌ಗಳೂ ಬರುತ್ತವೆ. "ಡೆಪ್" ಎಂದಿದ್ದರೆ ಅದು ಆ ಹೊತ್ತಿಗೆ ಕೂತಿರುವ ಯಂತ್ರವನ್ನು ನೋಡಿ, ಅದಕ್ಕೆ ಬೇಕಾದಷ್ಟನ್ನೇ ತುಂಬುತ್ತದೆ. ನೀವು ಕಟ್ಟಿದ್ದು ಕ್ಯುಎಮುವಿನಲ್ಲಿ. ಕ್ಯುಎಮುವಿನ ಹಳೆಯ ಮಾದರಿ ಯಂತ್ರ ಐಡಿಇ ಕಂಟ್ರೋಲರ್ ತೋರಿಸುತ್ತದೆ. ಅಂದರೆ ನಿಮ್ಮ ಇನಿಟ್‌ಆರ್‌ಡಿ ಆ ವರ್ಚುಯಲ್ ಯಂತ್ರದ ಅಳತೆಗೆ ತಯಾರಾಗಿದೆ. ಲೈವ್‌ಬೂಟ್ ತನಗೆ ಬೇಕಾದ ಕೆಲವು ಮಾಡ್ಯೂಲ್ ತಾನೇ ಸೇರಿಸಿಕೊಳ್ಳುತ್ತದೆ, ಅದರಿಂದ ಪೆನ್‌ಡ್ರೈವ್ ದಾರಿ ತೆರೆದಿತ್ತು. ಸಾಟಾ ದಾರಿ ಮುಚ್ಚಿತ್ತು. ಎಷ್ಟು ಜನ ಇದೇ ಲಕ್ಷಣ ನೋಡಿ ಡಿಸ್ಕ್ ಮೇಲೆ ಡಿಸ್ಕ್ ಸುಟ್ಟು ಬಿಸಾಡುತ್ತಾರೋ ಎಂದು ನೆನೆದರೆ ಬೇಜಾರಾಗುತ್ತದೆ.

ಬೆಳ್ಳಿಚಕ್ರ

ಪಟ್ಟಿಯಲ್ಲಿ ಎಟಿಎ ಪಿಕ್ಸ್ ಇದೆ, ಎಎಚ್‌ಸಿಐ ಇಲ್ಲ. ನೀವು ಹೇಳಿದ ಹಾಗೇ ಇದೆ. ಆದರೆ /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಒಳಗಿನ ಮುಖ್ಯ ಕಾನ್ಫ್ (ಸೆಟ್ಟಿಂಗ್) ಫೈಲ್ ತೆರೆದರೆ ಅಲ್ಲಿ "ಮೋಸ್ಟ್" ಎಂದೇ ಬರೆದಿದೆ!

ಕಪ್ಪುತೆರೆ

ಅದೇ ಫೋಲ್ಡರ್ ಒಳಗೆ ಕಾನ್ಫ್.ಡಿ ಎಂಬ ಇನ್ನೊಂದು ಫೋಲ್ಡರ್ ಇದೆ. ಅಲ್ಲಿ ಡ್ರೈವರ್-ಪಾಲಿಸಿ ಎಂಬ ಫೈಲ್ ಇದೆಯಾ ನೋಡಿ. ಡೆಬಿಯನ್ ಇನ್‌ಸ್ಟಾಲರ್ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಇನಿಟ್‌ಆರ್‌ಡಿಯಲ್ಲಿ ಎಲ್ಲ ಡ್ರೈವರ್ ಇರಲಾ, ಈ ಯಂತ್ರಕ್ಕೆ ಬೇಕಾದದ್ದು ಮಾತ್ರ ಇರಲಾ ಎಂದು. ಎರಡನೆಯದನ್ನು ಆರಿಸಿದರೆ ಆ ಫೈಲ್‌ನಲ್ಲಿ "ಡೆಪ್" ಎಂದು ಬರೆದಿಡುತ್ತದೆ. ಮುಖ್ಯ ಕಾನ್ಫ್ ಫೈಲ್ ಏನೇ ಹೇಳಲಿ, ಕಾನ್ಫ್.ಡಿ ಒಳಗಿನ ಮಾತೇ ನಡೆಯುತ್ತದೆ.

ಬೆಳ್ಳಿಚಕ್ರ

ಸಿಕ್ಕಿತು! ಫೈಲ್ ಇತ್ತು, ಅದರಲ್ಲಿ "ಡೆಪ್" ಎಂದೇ ಇತ್ತು. ಬದಲಿಸಿ ಇನಿಟ್‌ಆರ್‌ಡಿ ಮತ್ತೆ ಕಟ್ಟಿದೆ. ಐಎಸ್‌ಒ ಮಾಡಿ ಡಿವಿಡಿ ಬರೆದೆ. ಸಾಟಾ ಮೋಡ್ ವಾಪಸ್ ಎಎಚ್‌ಸಿಐಗೆ ಹಾಕಿದೆ.

ಆದರೂ ಅದೇ ಸಂದೇಶ, ಅದೇ ಪ್ರಾಂಪ್ಟ್.

ಮೂರನೇ ಸಾಲು

ನಿಮ್ಮ ಡಿಸ್ಕ್‌ನಲ್ಲಿ ಇನಿಟ್‌ಆರ್‌ಡಿ ಎರಡು ಕಡೆ ಇದೆ, ಮರೆಯಬೇಡಿ. ಒಂದು ಸ್ಕ್ವಾಷ್‌ಎಫ್‌ಎಸ್ ಒಳಗೆ /ಬೂಟ್‌ನಲ್ಲಿ. ಇನ್ನೊಂದು ಐಎಸ್‌ಒ ಮೇಲ್ಭಾಗದ /ಲೈವ್ ಫೋಲ್ಡರ್‌ನಲ್ಲಿ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದರೆ ಮೊದಲನೆಯದು ಮಾತ್ರ ಬದಲಾಗುತ್ತದೆ. ಡಿಸ್ಕ್ ಬೂಟ್ ಆಗುವಾಗ ಐಸೊಲಿನಕ್ಸ್ ಎತ್ತಿಕೊಳ್ಳುವುದು ಎರಡನೆಯದನ್ನು. ಹೊಸದನ್ನು ಕೈಯಾರೆ ಕಾಪಿ ಮಾಡಿ. ಜೊತೆಗೆ ಕರ್ನಲ್ ಫೈಲನ್ನೂ ಕಾಪಿ ಮಾಡಿ. ಮಧ್ಯೆ ಕರ್ನಲ್ ಅಪ್‌ಡೇಟ್ ಆಗಿದ್ದರೆ ಎರಡರ ಆವೃತ್ತಿ ಬೇರೆಯಾಗಿ ಒಂದು ಮಾಡ್ಯೂಲೂ ಲೋಡ್ ಆಗುವುದಿಲ್ಲ.

ಸ್ಕ್ವಾಷ್‌ಎಫ್‌ಎಸ್ ಅನ್ನೂ ಹೊಸದಾಗಿ ಕಟ್ಟಬೇಕು. ಇಲ್ಲದಿದ್ದರೆ ಲೈವ್ ಓಡುತ್ತದೆ, ಇನ್‌ಸ್ಟಾಲ್ ಆದ ವ್ಯವಸ್ಥೆಗೆ ಮಾತ್ರ ಹಳೆಯ ಡ್ರೈವರ್-ಪಾಲಿಸಿ ಫೈಲ್ ಹೋಗಿ ಕೂರುತ್ತದೆ. ಮುಂದೊಂದು ದಿನ ಯಾರೋ ಆ ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದಾಗ ಅವರಿಗೆ ಇದೇ ಕಾಟ.

ಬೆಳ್ಳಿಚಕ್ರ

ಓಡಿತು! ಎಎಚ್‌ಸಿಐ ಮೋಡ್‌ನಲ್ಲೇ ಡಿವಿಡಿಯಿಂದ ಬೂಟ್ ಆಗಿ ಇನ್‌ಸ್ಟಾಲ್ ಕೂಡ ಆಯಿತು. ಇನಿಟ್‌ಆರ್‌ಡಿ ಮೊದಲಿಗಿಂತ ದಪ್ಪ ಆಗಿದೆ, ಆದರೆ ಡಿವಿಡಿಯಲ್ಲಿ ಜಾಗಕ್ಕೆ ಬರ ಇಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಬೂಟ್ ಮಧ್ಯೆ ಏನೋ ಸಸ್ಪೆಂಡ್, ರೆಸ್ಯೂಮ್ ಡಿವೈಸ್‌ಗೆ ಕಾದು ಸಾಕಾಯಿತು ಎನ್ನುವ ಅರ್ಥದ ಸಾಲು ಬರುತ್ತದೆ. ಅಲ್ಲಿ ಸುಮ್ನೆ ಸಮಯ ಹೋಗುತ್ತದೆ.

ಕಪ್ಪುತೆರೆ

ಅದೂ ವರ್ಚುಯಲ್ ಯಂತ್ರದ ಉಳಿಕೆಯೇ. ಕಾನ್ಫ್.ಡಿ ಒಳಗೆ ರೆಸ್ಯೂಮ್ ಎಂಬ ಫೈಲ್ ಇರುತ್ತದೆ. ಅದರಲ್ಲಿ ವರ್ಚುಯಲ್ ಯಂತ್ರದ ಸ್ವಾಪ್ ಪಾರ್ಟಿಷನ್ನಿನ ಗುರುತು ಇದೆ. ಅಂಥ ಪಾರ್ಟಿಷನ್ ನಿಜವಾದ ಕಂಪ್ಯೂಟರ್‌ನಲ್ಲಿ ಎಲ್ಲಿಂದ ಬರಬೇಕು? ಅಲ್ಲಿ "ನನ್" ಎಂದು ಬರೆದು ಇನಿಟ್‌ಆರ್‌ಡಿ ಮತ್ತೆ ಕಟ್ಟಿ.

ಓಡುತ್ತಿದ್ದ ವ್ಯವಸ್ಥೆಯನ್ನು ಹಾಗೇ ಡಿಸ್ಕ್ ಮಾಡಿದಾಗ ಇಂಥವು ಇನ್ನೂ ಇರುತ್ತವೆ. ಪಾರ್ಟಿಷನ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೆಯ ಗುರುತುಗಳಿದ್ದರೆ ತೆಗೆಯಿರಿ. ಮೆಷಿನ್-ಐಡಿ ಫೈಲನ್ನು ಅಳಿಸಬೇಡಿ, ಖಾಲಿ ಮಾಡಿ ಇಡಿ. ಸಿಸ್ಟಂಡಿ ಮೊದಲ ಬೂಟ್‌ನಲ್ಲಿ ಹೊಸ ಗುರುತು ಬರೆದುಕೊಳ್ಳುತ್ತದೆ. ಇಲ್ಲದಿದ್ದರೆ ನಿಮ್ಮ ಡಿಸ್ಕ್‌ನಿಂದ ಹುಟ್ಟಿದ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಗುರುತು ಇರುತ್ತದೆ.

ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಸರ್ವರ್ ಹಾಕಿದ್ದರೆ ಇದನ್ನು ಖಂಡಿತ ಮಾಡಿ: ಅದರ ಹೋಸ್ಟ್ ಕೀಗಳನ್ನು (ಯಂತ್ರದ ಗುರುತಿನ ಕೀಗಳು) ಅಳಿಸಿ, ಇನ್‌ಸ್ಟಾಲ್ ಆದ ಮೇಲೆ ಹೊಸದಾಗಿ ಹುಟ್ಟುವ ವ್ಯವಸ್ಥೆ ಮಾಡಿ. ಒಂದೇ ಖಾಸಗಿ ಕೀ ಎಲ್ಲ ಯಂತ್ರಗಳಲ್ಲೂ ಇರುವುದು ದೊಡ್ಡ ಅಪಾಯ. ಡಿಸ್ಕ್ ಕೈಗೆ ಸಿಕ್ಕ ಯಾರೇ ಆದರೂ ಆ ಕೀ ತೆಗೆದುಕೊಂಡು ನಿಮ್ಮ ಯಂತ್ರದ ವೇಷ ಹಾಕಬಹುದು. ಡೆಬಿಯನ್‌ನಲ್ಲಿ ಓಪನ್‌ಎಸ್‌ಎಸ್‌ಎಚ್-ಸರ್ವರ್ ಪ್ಯಾಕೇಜನ್ನು ರೀಕಾನ್ಫಿಗರ್ ಮಾಡಿದರೆ ಕೀಗಳು ಹೊಸದಾಗಿ ಬರುತ್ತವೆ.

ಕಿಟಕಿಪಕ್ಕ

ನನ್ನದು ಲಿನಕ್ಸ್ ಅಲ್ಲ, ಆದರೂ ಕೇಳುತ್ತೇನೆ. ಒಂದು ಹಳೆಯ ಅಳತೆ ಯಂತ್ರದ ತಂತ್ರಾಂಶಕ್ಕಾಗಿ ವಿಂಡೋಸ್ 7 ಬೇಕು, ನೆಟ್‌ವರ್ಕ್ ಇಲ್ಲದ ಕಂಪ್ಯೂಟರ್. ಯುಎಸ್‌ಬಿ 3 ಡ್ರೈವರ್ ಸೇರಿಸಿ ಡಿಸ್ಕ್ ಮಾಡಿದ್ದೇನೆ. ಹೊರಗಿನ ಯುಎಸ್‌ಬಿ ಡಿವಿಡಿ ಡ್ರೈವ್‌ನಿಂದ ಬೂಟ್ ಆಗಿ ಸೆಟಪ್ ಪರದೆ ಬರುತ್ತದೆ. ಆಮೇಲೆ ಸಿಡಿ/ಡಿವಿಡಿ ಡ್ರೈವರ್ ಇಲ್ಲ ಎನ್ನುತ್ತದೆ. ಸೆಟಪ್ ಬಂದದ್ದೇ ಅದೇ ಡಿವಿಡಿಯಿಂದ!

ಕಪ್ಪುತೆರೆ

ನಿಮ್ಮದೂ ಇದೇ ಕಾಯಿಲೆ. ಸೆಟಪ್ ಪರದೆವರೆಗೆ ತಂದದ್ದು ಬಯಾಸ್. ಅಲ್ಲಿಂದ ಮುಂದೆ ಓದಬೇಕಾದದ್ದು ವಿಂಡೋಸ್ ಪಿಇ, ಅಂದರೆ ಸೆಟಪ್ ಓಡಿಸುವ ಪುಟ್ಟ ವಿಂಡೋಸ್. ವಿಂಡೋಸ್ 7ರಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ, ಅದು ಒಳಗೇ ಬಂದದ್ದು ವಿಂಡೋಸ್ 8ರಿಂದ. ನೀವು ಡ್ರೈವರ್ ಸೇರಿಸಿದ್ದು ಯಾವ ಫೈಲ್‌ಗೆ? ಇನ್‌ಸ್ಟಾಲ್.ವಿಮ್‌ಗೆ ಮಾತ್ರ ಅಲ್ವಾ?

ಕಿಟಕಿಪಕ್ಕ

ಹೌದು, ಅದಕ್ಕೆ ಮಾತ್ರ.

ಕಪ್ಪುತೆರೆ

ಇನ್‌ಸ್ಟಾಲ್.ವಿಮ್ ಎನ್ನುವುದು ಕೊನೆಗೆ ಹಾರ್ಡ್‌ಡಿಸ್ಕ್‌ಗೆ ಇಳಿಯುವ ವಿಂಡೋಸ್. ಸೆಟಪ್ ಓಡುವುದು ಬೂಟ್.ವಿಮ್‌ನಿಂದ. ಬೂಟ್.ವಿಮ್ ಒಳಗೆ ಎರಡು ಇಮೇಜ್ ಇರುತ್ತವೆ. 1 ಬರೀ ವಿಂಡೋಸ್ ಪಿಇ, 2 ಸೆಟಪ್. ವಿಂಡೋಸ್‌ನ ಡಿಸ್ಮ್ ಆಜ್ಞೆ ಬಳಸಿ ಎರಡನೆಯದನ್ನು ಮೌಂಟ್ ಮಾಡಿ ಡ್ರೈವರ್ ಸೇರಿಸಿ, ಕಮಿಟ್ ಎಂದು ಹೇಳಿ ಅನ್‌ಮೌಂಟ್ ಮಾಡಿ. ಮೊದಲನೆಯದಕ್ಕೂ ಸೇರಿಸಿದರೆ ಒಳ್ಳೆಯದು. ಮದರ್‌ಬೋರ್ಡ್‌ನಲ್ಲಿ ಬೇರೆ ಯುಎಸ್‌ಬಿ 2 ಕಂಟ್ರೋಲರ್ ಇದ್ದರೆ ಡ್ರೈವನ್ನು ಆ ಪೋರ್ಟ್‌ಗೆ ಹಾಕಿ ನೋಡಿ, ಡಿಸ್ಕ್ ಬದಲಿಸದೆಯೂ ಕೆಲಸ ಆಗಬಹುದು.

ಹಿತ್ತಲಬೇಲಿ

ಬೆಳ್ಳಿಚಕ್ರ ಅವರ ವಿಧಾನ ನೋಡಿ ನಾನೂ ಒಂದು ಡಿಸ್ಕ್ ಮಾಡಿದೆ. ಹಳೆಯ ಯಂತ್ರದಲ್ಲಿ ಸರಿ ಇದೆ. ಬಯಾಸ್ ಬದಲು ಯುಇಎಫ್‌ಐ ಇರುವ ಹೊಸ ಯಂತ್ರದ ಬೂಟ್ ಪಟ್ಟಿಯಲ್ಲಿ ಡಿವಿಡಿ ಹೆಸರೇ ಬರುವುದಿಲ್ಲ. ಇಎಫ್‌ಐ ಫೋಲ್ಡರ್ ಐಎಸ್‌ಒ ಒಳಗೆ ಇಟ್ಟಿದ್ದೇನೆ.

ಮೂರನೇ ಸಾಲು

ಡಿವಿಡಿಗೆ ಫೋಲ್ಡರ್ ಇಟ್ಟರೆ ಸಾಲದು. ಅದು ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಸಾಕು. ಡಿಸ್ಕ್ ಆದರೆ ಯುಇಎಫ್‌ಐ ಎಲ್ ಟೊರಿಟೊ ಪಟ್ಟಿಯನ್ನೇ ನೋಡುತ್ತದೆ. ಅಲ್ಲಿ ಐಸೊಲಿನಕ್ಸ್ ಜೊತೆಗೆ ಎರಡನೆಯ ನಮೂದು ಇರಬೇಕು. ಆ ನಮೂದು ಒಂದು ಸಣ್ಣ ಫ್ಯಾಟ್ ಇಮೇಜ್ ಫೈಲನ್ನು ತೋರಿಸಬೇಕು. ಕರ್ನಲ್ ಎಬ್ಬಿಸುವ ಗ್ರಬ್‌ನ ಇಎಫ್‌ಐ ಫೈಲ್ ಆ ಇಮೇಜ್ ಒಳಗಿರಬೇಕು. ಎಕ್ಸೊರಿಸೊದ ರಿಪೋರ್ಟ್-ಎಲ್-ಟೊರಿಟೊ ಆಜ್ಞೆ ಓಡಿಸಿ. ಬಯಾಸ್ ಎಂದು ಒಂದು ಸಾಲು, ಯುಇಎಫ್‌ಐ ಎಂದು ಒಂದು ಸಾಲು ಬರಬೇಕು. ಸೆಕ್ಯೂರ್ ಬೂಟ್ (ಸಹಿ ನೋಡಿಯೇ ಬೂಟ್ ಮಾಡುವ ವ್ಯವಸ್ಥೆ) ಆನ್ ಇರುವ ಯಂತ್ರಗಳಿಗೂ ಕೊಡುವುದಾದರೆ ಡೆಬಿಯನ್ ಕೊಡುವ, ಸಹಿ ಹಾಕಿದ ಶಿಮ್ (ಗ್ರಬ್‌ಗಿಂತ ಮೊದಲು ಓಡುವ ಸಣ್ಣ ಫೈಲ್) ಮತ್ತು ಗ್ರಬ್ ಬಳಸಿ. ನಾವೇ ಕಟ್ಟಿದ ಗ್ರಬ್ಬನ್ನು ಅದು ಒಪ್ಪುವುದಿಲ್ಲ.

ಹಿತ್ತಲಬೇಲಿ

ರಿಪೋರ್ಟ್‌ನಲ್ಲಿ ಬಯಾಸ್ ಸಾಲು ಮಾತ್ರ ಇದೆ. ಸರಿಪಡಿಸಿ ನೋಡುತ್ತೇನೆ. ಪ್ರತಿ ಸಲ ಡಿವಿಡಿ ಬರೆಯದೆ ಇದನ್ನೆಲ್ಲ ಮೊದಲೇ ಪರೀಕ್ಷೆ ಮಾಡಲು ಆಗುತ್ತದಾ? ಕ್ಯುಎಮುವಿನಲ್ಲಿ ಓಡಿದ್ದನ್ನು ನಂಬಿಯೇ ಬೆಳ್ಳಿಚಕ್ರ ಅವರಿಗೆ ಇಷ್ಟೆಲ್ಲ ಆಯಿತು.

ಕಪ್ಪುತೆರೆ

ಆಗುತ್ತದೆ. ಕ್ಯುಎಮುವಿಗೆ ಯಂತ್ರದ ಮಾದರಿ ಹೇಳದೆ ಬಿಟ್ಟರೆ ಸಾಮಾನ್ಯ ಪಿಸಿಗಳಲ್ಲಿ ಅದು ಹಳೆಯ ಐಡಿಇ ಮಾದರಿಯನ್ನೇ ತೆಗೆದುಕೊಳ್ಳುತ್ತದೆ. ಮಾದರಿ ಕ್ಯೂ35 ಎಂದು ಕೊಡಿ. ಆಗ ಸಿಡಿ ಡ್ರೈವ್ ಎಎಚ್‌ಸಿಐ ಕಂಟ್ರೋಲರ್ ಮೇಲೆ ಕೂರುತ್ತದೆ. ಯುಇಎಫ್‌ಐ ನೋಡಬೇಕಾದರೆ ಫರ್ಮ್‌ವೇರ್ ಜಾಗದಲ್ಲಿ ಓವಿಎಂಎಫ್ (ವರ್ಚುಯಲ್ ಯಂತ್ರದ ಯುಇಎಫ್‌ಐ) ಕೊಡಿ. ಐಡಿಇ ಒಮ್ಮೆ, ಕ್ಯೂ35 ಒಮ್ಮೆ, ಕ್ಯೂ35 ಜೊತೆ ಓವಿಎಂಎಫ್ ಒಮ್ಮೆ. ಮೂರರಲ್ಲೂ ಡೆಸ್ಕ್‌ಟಾಪ್ ಬಂದ ಮೇಲೆ ಡಿಸ್ಕ್ ಬರೆಯಿರಿ. ಇನಿಟ್‌ಆರ್‌ಡಿ ಕಟ್ಟುವ ಯಂತ್ರ, ಪರೀಕ್ಷೆ ಮಾಡುವ ಯಂತ್ರ ಎರಡೂ ಒಂದೇ ಆಗಿದ್ದರೆ ಆ ಪರೀಕ್ಷೆಗೆ ಬೆಲೆ ಕಡಿಮೆ.

ಬೆಳ್ಳಿಚಕ್ರ

ಈಗಷ್ಟೇ ನನ್ನ ಮೊದಲಿನ ಐಎಸ್‌ಒ ತೆಗೆದು ಕ್ಯೂ35ರಲ್ಲಿ ಓಡಿಸಿದೆ. ಡಿವಿಡಿ ತೋರಿಸಿದ ಅದೇ ಸಂದೇಶ, ಅದೇ ಪ್ರಾಂಪ್ಟ್. ಹೊಸ ಐಎಸ್‌ಒ ಕ್ಯೂ35ರಲ್ಲಿ ಡೆಸ್ಕ್‌ಟಾಪ್‌ವರೆಗೂ ಬಂತು. ಓವಿಎಂಎಫ್‌ನಲ್ಲಿ ನನ್ನದೂ ಬರಲಿಲ್ಲ, ಯುಇಎಫ್‌ಐ ನಮೂದು ನಾನೂ ಸೇರಿಸಬೇಕು. ಮೂರನೇ ಸಾಲು ಅವರೇ, ಫ್ಯಾಟ್ ಇಮೇಜ್ ಎಷ್ಟು ದೊಡ್ಡದು ಮಾಡಲಿ?

ಮೂರನೇ ಸಾಲು

ಒಳಗಿಡುವ ಶಿಮ್ ಮತ್ತು ಗ್ರಬ್ ಫೈಲ್‌ಗಳ ಒಟ್ಟು ಗಾತ್ರ ನೋಡಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟರೆ ಸಾಕು. ಕರ್ನಲ್ ಮತ್ತು ಇನಿಟ್‌ಆರ್‌ಡಿ ಅದರೊಳಗೆ ಹಾಕುವುದು ಬೇಡ. ಗ್ರಬ್‌ಗೆ ಐಎಸ್‌ಒ9660 (ಡಿಸ್ಕ್‌ನ ಫೈಲ್ ವ್ಯವಸ್ಥೆ) ಓದಲು ಬರುತ್ತದೆ, ಅವೆರಡನ್ನೂ /ಲೈವ್ ಫೋಲ್ಡರ್‌ನಿಂದಲೇ ಎತ್ತಿಕೊಳ್ಳುತ್ತದೆ.